ದೊಡ್ಡ ವಿಮಾನಕ್ಕೆ ಅನುಮತಿ ಸಿಕ್ಕಿತು, ಸೀಟು ಜಾಸ್ತಿ ಆಯಿತೇ?

2014ರ ಜನವರಿ ಕೊನೆಯ ವಾರದಲ್ಲಿ ಕೇಂದ್ರದ ನಾಗರಿಕ ವಿಮಾನಯಾನ ಸಚಿವಾಲಯ ಒಂದು ಹಳೆಯ ನಿರ್ಬಂಧವನ್ನು ತೆಗೆದುಹಾಕಿತು. ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ ಏರ್‌ಬಸ್ ಎ380 ಇನ್ನು ಮುಂದೆ ಭಾರತಕ್ಕೆ ದಿನವೂ ಬಂದು ಹೋಗಬಹುದು ಎಂದಿತು. ಅದೂ ದೆಹಲಿ, ಮುಂಬೈ, ಹೈದರಾಬಾದ್, ಬೆಂಗಳೂರು ಈ ನಾಲ್ಕು ಕಡೆಗೆ ಮಾತ್ರ. ವಿದೇಶಿ ವಿಮಾನ ಕಂಪನಿಗಳು ಇದಕ್ಕಾಗಿ ವರ್ಷಗಟ್ಟಲೆ ಕೇಳುತ್ತಾ ಬಂದಿದ್ದವು. ಅದೇ ವರ್ಷ ಮೇ 30ರಿಂದ ಸಿಂಗಪುರ ಏರ್‌ಲೈನ್ಸ್ ದೆಹಲಿಗೂ ಮುಂಬೈಗೂ ಎ380 ಹಾರಿಸಲು ಶುರು ಮಾಡಿತು. ಜುಲೈನಲ್ಲಿ ದುಬೈಯ ಎಮಿರೇಟ್ಸ್ ಮುಂಬೈಗೆ ತಂದಿತು. ಅಕ್ಟೋಬರ್‌ನಲ್ಲಿ ಲುಫ್ತಾನ್ಸಾ ದೆಹಲಿಗೆ ತಂದಿತು.

ಬೆಂಗಳೂರಿಗೆ ಎಮಿರೇಟ್ಸ್ ಅದನ್ನು ತಂದಿದ್ದು 2022ರ ಅಕ್ಟೋಬರ್ 14ಕ್ಕೆ. ಪಟ್ಟಿಯಲ್ಲಿ ಹೆಸರಿದ್ದರೂ ಎಂಟು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು. ಬಂದ ಮೇಲೂ ಏನು ಬದಲಾಯಿತು? ದುಬೈ ಟಿಕೆಟ್ ಅಗ್ಗವಾಯಿತೇ? ಹಾಗೇನೂ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ಗೊತ್ತಾದರೆ, "ಇಂಥ ಕಂಪನಿ ಇಂಥ ಮಾರ್ಗದಲ್ಲಿ ದೊಡ್ಡ ವಿಮಾನ ಹಾರಿಸಲು ಅನುಮತಿ ಕೇಳಿದೆ" ಎಂಬ ಸುದ್ದಿ ಬಂದಾಗಲೆಲ್ಲ ಅದರಲ್ಲಿ ಯಾವ ಭಾಗಕ್ಕೆ ತೂಕವಿದೆ, ಯಾವುದಕ್ಕಿಲ್ಲ ಎಂದು ನೀವೇ ಹೇಳಬಹುದು.

ಮೊದಲು ವಿಮಾನದ ವಿಷಯ ಮುಗಿಸಿಬಿಡೋಣ. ಎ380ಗೆ ಎರಡು ಪೂರ್ತಿ ಅಂತಸ್ತು. ರೆಕ್ಕೆಯ ತುದಿಯಿಂದ ತುದಿಗೆ 79.75 ಮೀಟರ್. ತುಂಬಿಕೊಂಡು ಹೊರಟಾಗ ತೂಕ 575 ಟನ್‌ವರೆಗೆ. ಸಾಮಾನ್ಯವಾಗಿ 500ರ ಆಸುಪಾಸು ಸೀಟು. ಎಲ್ಲವನ್ನೂ ಎಕಾನಮಿ ಮಾಡಿದರೆ 853 ಜನರನ್ನು ಕೂರಿಸಲು ಅದಕ್ಕೆ ಪರವಾನಗಿ ಇದೆ. ಆ ಪರವಾನಗಿಗಾಗಿ 2006ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 853 ಪ್ರಯಾಣಿಕರನ್ನೂ 20 ಸಿಬ್ಬಂದಿಯನ್ನೂ ಕತ್ತಲಲ್ಲಿ, ಅರ್ಧ ಬಾಗಿಲುಗಳನ್ನು ಮುಚ್ಚಿ, 78 ಸೆಕೆಂಡಿನಲ್ಲಿ ಹೊರಗೆ ಇಳಿಸಿ ತೋರಿಸಿದರು.

ಇಂಥದ್ದು ಇಳಿಯಬೇಕಾದರೆ ನಿಲ್ದಾಣವೂ ತಯಾರಿರಬೇಕು. ರನ್‌ವೇ ಉದ್ದ ಇದ್ದರೆ ಸಾಲದು. 45 ಮೀಟರ್ ಅಗಲದ ರನ್‌ವೇಯಲ್ಲಿ ಎ380ಯ ಹೊರಗಿನ ಎರಡು ಎಂಜಿನ್‌ಗಳು ಡಾಂಬರಿನ ಅಂಚು ದಾಟಿ ಹೊರಗೆ ತೂಗುತ್ತವೆ. ಅಲ್ಲಿ ಮಣ್ಣು, ಕಲ್ಲು ಇದ್ದರೆ ಎಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಪಕ್ಕದ ಅಂಚನ್ನೂ ಗಟ್ಟಿ ಮಾಡಬೇಕು. ಈ ಭಯಕ್ಕೇ ಎ380ಯಲ್ಲಿ ಇಳಿದ ಮೇಲೆ ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಹಿಮ್ಮುಖ ಮಾಡುವ ಏರ್ಪಾಡು ಒಳಗಿನ ಎರಡು ಎಂಜಿನ್‌ಗಳಿಗೆ ಮಾತ್ರ ಇದೆ. ಅಗ್ನಿಶಾಮಕ ದಳದ ಲೆಕ್ಕವೂ ತಮಾಷೆಯಾಗಿದೆ. ಉದ್ದ ನೋಡಿದರೆ ಈ ವಿಮಾನ ಒಂಬತ್ತನೇ ದರ್ಜೆಯ ರಕ್ಷಣಾ ವ್ಯವಸ್ಥೆಗೆ ಬರಬೇಕು. ಆದರೆ ಹೊಟ್ಟೆಯ ಅಗಲ ಏಳು ಮೀಟರ್ ದಾಟುವುದರಿಂದ ಹತ್ತನೇ ದರ್ಜೆ ಬೇಕಾಗುತ್ತದೆ. ಅಂದರೆ ಇನ್ನಷ್ಟು ನೀರು, ಇನ್ನಷ್ಟು ನೊರೆ.

ಬೆಂಗಳೂರಿನ ಎರಡನೇ ರನ್‌ವೇ ಶುರುವಾಗಿದ್ದು 2019ರ ಡಿಸೆಂಬರ್‌ನಲ್ಲಿ. ಅದನ್ನು ಈ ದರ್ಜೆಯ ವಿಮಾನಗಳಿಗೆ ಹೊಂದುವಂತೆ ಕಟ್ಟಲಾಗಿತ್ತು. ಅದಾದ ಕೆಲವೇ ತಿಂಗಳಲ್ಲಿ ಕೊರೊನಾ ಬಂತು. ಎಂಟು ವರ್ಷದ ಕಾಯುವಿಕೆಗೆ ಇದು ಒಂದು ಕಾರಣ, ಒಪ್ಪೋಣ. ದೊಡ್ಡ ಕಾರಣ ಬೇರೆ ಇದೆ.

2014ರಲ್ಲಿ ತೆಗೆದ ಆ ನಿರ್ಬಂಧ ತಾಂತ್ರಿಕ ಕಾರಣಕ್ಕೆ ಬಂದದ್ದೇ ಅಲ್ಲ. 2007ರಲ್ಲೇ ಎ380 ಪ್ರದರ್ಶನಕ್ಕಾಗಿ ದೆಹಲಿಗೆ ಬಂದು ಇಳಿದಿತ್ತು. 2010ರ ಜುಲೈನಲ್ಲಿ ದೆಹಲಿಯ ಹೊಸ ಟರ್ಮಿನಲ್ 3 ಶುರುವಾದಾಗ ಎಮಿರೇಟ್ಸ್‌ನ ಎ380 ಒಂದು ದಿನದ ಅತಿಥಿಯಾಗಿ ಬಂದು ಹೋಯಿತು. ಇಳಿಯಲು ಆಗುತ್ತಿತ್ತು, ಬಿಡುತ್ತಿರಲಿಲ್ಲ ಅಷ್ಟೇ. ದಿನಕ್ಕೊಂದು ಇಷ್ಟು ದೊಡ್ಡ ವಿಮಾನ ಬಂದರೆ ವಿದೇಶಿ ಕಂಪನಿಗಳು ಜನರನ್ನೆಲ್ಲ ಗುಡಿಸಿಕೊಂಡು ಹೋಗುತ್ತವೆ, ಏರ್ ಇಂಡಿಯಾಗೆ ಉಳಿಯುವುದೇನು ಎಂಬ ಚಿಂತೆ. ಆಗ ಏರ್ ಇಂಡಿಯಾದ ಮಾಲೀಕರೂ ಸರ್ಕಾರವೇ, ನಿಯಮ ಬರೆಯುವವರೂ ಸರ್ಕಾರವೇ.

ಭಾರತೀಯ ಕಂಪನಿಗಳಿಗೆ ಎ380 ಆಸೆ ಇರಲಿಲ್ಲ ಅಂತಲ್ಲ. ನಮ್ಮ ಬೆಂಗಳೂರಿನದ್ದೇ ಆದ ಕಿಂಗ್‌ಫಿಷರ್ 2005ರಲ್ಲಿ ಐದು ಎ380ಗಳಿಗೆ ಆರ್ಡರ್ ಕೊಟ್ಟಿತ್ತು. ಒಂದೂ ಬರಲಿಲ್ಲ. 2012ರಲ್ಲಿ ಕಂಪನಿಯೇ ನಿಂತುಹೋಯಿತು. ಇನ್ನೂ ಹಿಂದೆ ಹೋದರೆ ಏರ್ ಇಂಡಿಯಾ 1971ರಲ್ಲೇ ಬೋಯಿಂಗ್ 747 ತರಿಸಿಕೊಂಡಿತ್ತು. ಆ ಕಾಲಕ್ಕೆ ಅದೇ ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ. ನಮ್ಮವರೇ ಹಾರಿಸುವಾಗ ದೊಡ್ಡ ವಿಮಾನ ಹೆಮ್ಮೆಯ ವಿಷಯವಾಗಿತ್ತು, ಬೇರೆಯವರು ತಂದಾಗ ತಲೆನೋವಾಯಿತು.

ಈಗ ಸೀಟಿನ ಲೆಕ್ಕಕ್ಕೆ ಬರೋಣ. ಒಂದು ದೇಶದ ವಿಮಾನ ಇನ್ನೊಂದು ದೇಶಕ್ಕೆ ತನ್ನಿಷ್ಟಕ್ಕೆ ಹಾರುವ ಹಾಗಿಲ್ಲ. 1944ರ ಶಿಕಾಗೊ ಒಪ್ಪಂದದ ಪ್ರಕಾರ ತನ್ನ ಆಕಾಶಕ್ಕೆ ಆಯಾ ದೇಶವೇ ಒಡೆಯ. ಆದ್ದರಿಂದ ಎರಡೆರಡು ದೇಶಗಳು ಕೂತು ಒಪ್ಪಂದ ಮಾಡಿಕೊಳ್ಳುತ್ತವೆ. ಯಾರು, ಯಾವ ಊರಿಗೆ, ವಾರಕ್ಕೆ ಎಷ್ಟು ಹಾರಬಹುದು ಎಂದು ಬರೆದುಕೊಳ್ಳುತ್ತವೆ. ಭಾರತ ಇಂಥ ಒಪ್ಪಂದಗಳನ್ನು ನೂರಕ್ಕೂ ಹೆಚ್ಚು ದೇಶಗಳ ಜೊತೆ ಮಾಡಿಕೊಂಡಿದೆ.

ಈ "ಎಷ್ಟು" ಎಂಬುದನ್ನು ಎರಡು ರೀತಿ ಬರೆಯಬಹುದು. ವಾರಕ್ಕೆ ಇಷ್ಟು ವಿಮಾನ ಎಂದು ಬರೆದರೆ ದೊಡ್ಡ ವಿಮಾನ ತಂದವರಿಗೆ ಲಾಭ. ಏಳು ಸಣ್ಣ ವಿಮಾನದ ಜಾಗದಲ್ಲಿ ಏಳು ದೊಡ್ಡ ವಿಮಾನ ತಂದರೆ ಒಪ್ಪಂದ ಮುರಿಯದೆಯೇ ಜನ ಎರಡು ಮೂರು ಪಟ್ಟು ಆಗುತ್ತಾರೆ. ಆದರೆ ವಾರಕ್ಕೆ ಇಷ್ಟು ಸೀಟು ಎಂದು ಬರೆದರೆ ಈ ಆಟ ನಡೆಯುವುದಿಲ್ಲ. ದುಬೈ ಜೊತೆ ನಮ್ಮ ಒಪ್ಪಂದ ಇರುವುದು ಸೀಟಿನ ಲೆಕ್ಕದಲ್ಲಿ. 2014ರಿಂದ ಅದು ವಾರಕ್ಕೆ ಒಂದೊಂದು ಕಡೆಗೆ ಸುಮಾರು 65,000 ಸೀಟು. ಎಮಿರೇಟ್ಸ್ ಮತ್ತು ಫ್ಲೈದುಬೈ ಸೇರಿ ಇಷ್ಟು, ಭಾರತದ ಎಲ್ಲ ಕಂಪನಿಗಳೂ ಸೇರಿ ಇಷ್ಟು.

ರೇಷನ್ ಅಂಗಡಿಗೆ ಎಷ್ಟು ದೊಡ್ಡ ಚೀಲ ತಂದರೂ ಸಿಗುವ ಅಕ್ಕಿ ಅಷ್ಟೇ ಅಲ್ವಾ? ಇದೂ ಹಾಗೆಯೇ. 65,000 ಸೀಟನ್ನು 360 ಸೀಟಿನ ಬೋಯಿಂಗ್ 777ರಲ್ಲಿ ಹಂಚಿದರೆ ವಾರಕ್ಕೆ ಸುಮಾರು 180 ಸಲ ಹಾರಬಹುದು. 517 ಸೀಟಿನ ಎ380ಯಲ್ಲಿ ಹಂಚಿದರೆ 125ಕ್ಕೆ ಮುಗಿಯಿತು. ಬೆಂಗಳೂರಿಗೆ ಒಂದು 777 ಬದಲು ಎ380 ಹಾಕಿದರೆ ದಿನಕ್ಕೆ ನೂರೈವತ್ತಕ್ಕೂ ಹೆಚ್ಚು ಸೀಟು ಜಾಸ್ತಿ ಸಿಗುತ್ತದೆ, ನಿಜ. ಆದರೆ ಪಾಲು ಪೂರ್ತಿ ತುಂಬಿದ್ದರೆ ಆ ಸೀಟನ್ನು ಇನ್ನಾವುದೋ ಊರಿನಿಂದ ಕಿತ್ತು ತರಬೇಕು. ಎಮಿರೇಟ್ಸ್ ಭಾರತದ ಒಂಬತ್ತು ನಗರಗಳಿಗೆ ಹಾರುತ್ತದೆ. ಬೆಂಗಳೂರಿಗೆ ಬಂದಿದ್ದು ಕೊಚ್ಚಿಯದ್ದೋ ಚೆನ್ನೈಯದ್ದೋ ಆಗಿರಬೇಕಾಗುತ್ತದೆ. 2014ರ ಆದೇಶದಲ್ಲೂ ಇದೇ ಷರತ್ತು ಇತ್ತು: ಎ380 ತನ್ನಿ, ಆದರೆ ಒಪ್ಪಂದದ ಮಿತಿಯೊಳಗೆ. ಅಂದರೆ ಸರ್ಕಾರ ಬಾಗಿಲು ದೊಡ್ಡದು ಮಾಡಿತು, ಒಳಗೆ ಬರುವವರ ಸಂಖ್ಯೆಯನ್ನು ಮುಟ್ಟಲಿಲ್ಲ.

ಹಾಗಾದರೆ ಕಂಪನಿಗಳಿಗೆ ದೊಡ್ಡ ವಿಮಾನ ಯಾಕೆ ಬೇಕು? ಒಂದು ಕಾರಣ ನಿಲ್ದಾಣದ ಜಾಗ. ಮುಂಬೈಯನ್ನೇ ನೋಡಿ. ಅಲ್ಲಿನ ಹಳೆಯ ನಿಲ್ದಾಣದಲ್ಲಿ ಎರಡು ರನ್‌ವೇ ಇದ್ದರೂ ಅವು ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದು ಸಲಕ್ಕೆ ಒಂದನ್ನೇ ಬಳಸಬೇಕು. ಹೊಸ ವಿಮಾನಕ್ಕೆ ಬೇಕಾದ ಹೊತ್ತು ಸಿಗುವುದೇ ಇಲ್ಲ. ಇರುವ ಹೊತ್ತಿನಲ್ಲೇ ಜಾಸ್ತಿ ಜನರನ್ನು ಒಯ್ಯುವುದೊಂದೇ ದಾರಿ.

ಇದಕ್ಕೊಂದು ಆಕ್ಷೇಪ ಇದೆ. ಎ380 ಹಾರುವಾಗ ಹಿಂದೆ ದೊಡ್ಡ ಗಾಳಿಸುಳಿ ಬಿಟ್ಟುಹೋಗುತ್ತದೆ. ಅದಕ್ಕಾಗಿಯೇ ಪೈಲಟ್‌ಗಳು ರೇಡಿಯೊದಲ್ಲಿ ತಮ್ಮ ವಿಮಾನದ ಹೆಸರಿನ ಜೊತೆ "ಸೂಪರ್" ಎಂದು ಸೇರಿಸಿ ಹೇಳಬೇಕು. ಅದರ ಹಿಂದೆ ಎ320 ಥರದ ಸಣ್ಣ ವಿಮಾನ ಇಳಿಯುವುದಾದರೆ ಏಳು ನಾಟಿಕಲ್ ಮೈಲಿ, ಅಂದರೆ ಸುಮಾರು 13 ಕಿಲೋಮೀಟರ್ ದೂರ ಬಿಡಬೇಕು. ಎರಡು ಎ320ಗಳ ನಡುವೆ ಮೂರು ಮೈಲಿ ಸಾಕು. ಅಂದರೆ ಎ380 ಒಂದು ಬಂದರೆ ಸುಮಾರು ಎರಡು ವಿಮಾನದ ಹೊತ್ತನ್ನು ತಿನ್ನುತ್ತದೆ. ಆದರೂ ಲೆಕ್ಕ ಅದರ ಕಡೆಗೇ ವಾಲುತ್ತದೆ. ಎರಡು ಎ320ಗಳಲ್ಲಿ 360 ಜನ ಬಂದರೆ ಇದೊಂದರಲ್ಲೇ 500 ದಾಟುತ್ತಾರೆ.

ಇನ್ನೊಂದು ಕಾರಣದ ಬಗ್ಗೆ ಕಂಪನಿಗಳು ಅಷ್ಟಾಗಿ ಮಾತಾಡುವುದಿಲ್ಲ. ಎ380ಯ ಮೇಲಂತಸ್ತಿನಲ್ಲಿ ಬಿಸಿನೆಸ್ ಕ್ಲಾಸ್ ಇದೆ, ಮಲಗಲು ಹಾಸಿಗೆ ಇದೆ, ಎಮಿರೇಟ್ಸ್‌ನಲ್ಲಿ ಬಾರ್ ಇದೆ, ಫಸ್ಟ್ ಕ್ಲಾಸಿನವರಿಗೆ ಷವರ್ ಕೂಡ ಇದೆ. ಸೀಟಿನ ಸಂಖ್ಯೆ ಕಟ್ಟಿಹಾಕಿದ ಮೇಲೆ ಪ್ರತಿ ಸೀಟಿನಿಂದ ಜಾಸ್ತಿ ದುಡ್ಡು ಹುಟ್ಟಿಸುವುದೇ ಉಳಿದ ದಾರಿ. ದುಬೈಗೆ ನಾಲ್ಕು ತಾಸಿನ ಹಾರಾಟಕ್ಕೆ ಷವರ್ ಯಾರಿಗೆ ಬೇಕು ಅನ್ನಬಹುದು. ಬೆಂಗಳೂರಿನಿಂದ ಹೊರಟವರಲ್ಲಿ ಎಷ್ಟೋ ಜನರಿಗೆ ದುಬೈ ಬರೀ ವಿಮಾನ ಬದಲಿಸುವ ಜಾಗ. ಅವರು ಹೊರಟಿರುವುದು ಲಂಡನ್‌ಗೆ, ನ್ಯೂಯಾರ್ಕ್‌ಗೆ, ಟೊರಾಂಟೊಗೆ.

ಸರ್ಕಾರಕ್ಕೆ ಹೊಟ್ಟೆನೋವು ಇರುವುದು ಸರಿಯಾಗಿ ಇಲ್ಲೇ. 2016ರ ರಾಷ್ಟ್ರೀಯ ವಿಮಾನಯಾನ ನೀತಿಯಲ್ಲಿ ಒಂದು ವೃತ್ತ ಇದೆ. ದೆಹಲಿಯನ್ನು ನಡುವೆ ಇಟ್ಟು 5,000 ಕಿಲೋಮೀಟರಿನ ವೃತ್ತ ಎಳೆಯಿರಿ. ಅದರಾಚೆಗಿನ ದೇಶಗಳ ಜೊತೆಗೂ ಸಾರ್ಕ್ ದೇಶಗಳ ಜೊತೆಗೂ ಪರಸ್ಪರ ಒಪ್ಪಿದರೆ ಮುಕ್ತ ಆಕಾಶ, ಎಷ್ಟಾದರೂ ಹಾರಿ ಎನ್ನುತ್ತದೆ ನೀತಿ. ವೃತ್ತದೊಳಗಿನವರಿಗೆ ಮಾತ್ರ ಅಳೆದು ಕೊಡುವುದು. ನಕ್ಷೆಯಲ್ಲಿ ಈ ವೃತ್ತ ಎಳೆದು ನೋಡಿದರೆ ಒಳಗೆ ಯಾರಿದ್ದಾರೆ ಗೊತ್ತೇ? ದುಬೈ, ಅಬುಧಾಬಿ, ದೋಹಾ, ಸಿಂಗಪುರ, ಇಸ್ತಾಂಬುಲ್. ಜನರನ್ನು ತಂದು, ವಿಮಾನ ಬದಲಿಸಿ, ಬೇರೆಡೆಗೆ ಕಳಿಸುವುದನ್ನೇ ಕಸುಬು ಮಾಡಿಕೊಂಡ ದೊಡ್ಡ ದೊಡ್ಡ ಊರುಗಳೆಲ್ಲ ಒಳಗೇ ಇವೆ. ಲಂಡನ್, ಫ್ರಾಂಕ್‌ಫರ್ಟ್ ಹೊರಗಿವೆ. 5,000 ಎಂಬುದು ಸುಮ್ನೆ ಬಂದ ಸಂಖ್ಯೆ ಅಂತ ನನಗೆ ಅನ್ನಿಸುವುದಿಲ್ಲ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಎಮಿರೇಟ್ಸ್‌ಗೆ ಮನೆಯ ಮಾರುಕಟ್ಟೆ ಸಣ್ಣದು. ಅದು ಬದುಕಿರುವುದೇ ಬೇರೆ ದೇಶದವರನ್ನು ಬೇರೆ ದೇಶಕ್ಕೆ ಸಾಗಿಸಿ. ಏರ್‌ಬಸ್ ಒಟ್ಟು ಕಟ್ಟಿ ಮಾರಿದ 251 ಎ380ಗಳಲ್ಲಿ 123 ಈ ಒಂದೇ ಕಂಪನಿಗೆ ಹೋದವು. ಅಷ್ಟು ಸೀಟು ತುಂಬಬೇಕಾದರೆ ಭಾರತದಂಥ ದೇಶ ಬೇಕೇ ಬೇಕು. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವವರೆಲ್ಲ ದುಬೈ ಮೇಲೆ ಹೋದರೆ ಬೆಂಗಳೂರಿನಿಂದಲೇ ನೇರ ವಿಮಾನ ಹಾಕುವ ಧೈರ್ಯ ನಮ್ಮ ಕಂಪನಿಗಳಿಗೆ ಬರುವುದು ಕಷ್ಟ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ಸೇವೆ ಶುರು ಮಾಡಿತು. ಮೊದಲ ವಿಮಾನ ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರೇ. ಇಂಥ ಮಾರ್ಗಗಳು ಉಳಿಯಬೇಕಾದರೆ ಜನ ಬೇಕು, ಜನ ಬರಬೇಕಾದರೆ ದುಬೈಯ ಅಗ್ಗದ ದಾರಿ ಸ್ವಲ್ಪ ಇಕ್ಕಟ್ಟಾಗಿರಬೇಕು. ಇದು ಸರ್ಕಾರದ ತರ್ಕ. ದುಬೈ ಇನ್ನೂ 50,000 ಸೀಟು ಕೇಳಿದಾಗ ವಿಮಾನಯಾನ ಸಚಿವರಾಗಿದ್ದ ಜ್ಯೋತಿರಾದಿತ್ಯ ಸಿಂಧಿಯಾ, ಹೆಚ್ಚಿಸುವ ಯೋಚನೆ ಇಲ್ಲ ಎಂದುಬಿಟ್ಟರು.

ಆದರೆ ಇದೇ ಸರ್ಕಾರಿ ಕೈ ಎಷ್ಟು ಧಾರಾಳವಾಗಬಲ್ಲದು ಅನ್ನುವುದಕ್ಕೂ ಉದಾಹರಣೆ ಇದೆ. 2013ರಲ್ಲಿ ಅಬುಧಾಬಿಯ ಎತಿಹಾದ್, ಜೆಟ್ ಏರ್‌ವೇಸ್‌ನಲ್ಲಿ 24 ಶೇಕಡಾ ಪಾಲು ಕೊಂಡಿತು. ಬೆಲೆ ಸುಮಾರು 2,000 ಕೋಟಿ ರೂಪಾಯಿ. ಅದೇ ಹೊತ್ತಿನಲ್ಲಿ ಅಬುಧಾಬಿ ಒಪ್ಪಂದಕ್ಕೆ ವಾರಕ್ಕೆ 36,670 ಹೊಸ ಸೀಟು ಸೇರಿತು. ಹಳೆಯದೂ ಸೇರಿ 50,000ದ ಹತ್ತಿರ ಹೋಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಮುಚ್ಚಿತು. ಅದಕ್ಕಾಗಿ ಕೊಟ್ಟ ಸೀಟು ಮಾತ್ರ ಒಪ್ಪಂದದಲ್ಲಿ ಹಾಗೇ ಕೂತಿದೆ. ಒಮ್ಮೆ ಕೊಟ್ಟ ಸೀಟನ್ನು ವಾಪಸ್ ಪಡೆಯುವುದು ರಾಜತಾಂತ್ರಿಕವಾಗಿ ಬಹಳ ಕಷ್ಟ. ಆಮೇಲಿನ ಸರ್ಕಾರಗಳ ಬಿಗಿತನಕ್ಕೆ ಈ ಅನುಭವವೂ ಕಾರಣ ಇರಬಹುದು.

ರಕ್ಷಣೆಗೆ ಒಂದು ಗಡುವು ಇರಬೇಕು ಅನ್ನುವುದು ನನ್ನ ತಕರಾರು. "ನಮ್ಮ ಕಂಪನಿಗಳು ಬೆಳೆಯುವ ತನಕ" ಎಂದರೆ ಯಾವಾಗಿನ ತನಕ? ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾಗಳ ಕೈಗೆ ಹೋಯಿತು. 2023ರ ಫೆಬ್ರವರಿಯಲ್ಲಿ 470 ವಿಮಾನಗಳಿಗೆ ಆರ್ಡರ್ ಹಾಕುವುದಾಗಿ ಹೇಳಿತು. ಅದರಲ್ಲಿ ದೊಡ್ಡವು 70: ನಲವತ್ತು ಎ350, ಇಪ್ಪತ್ತು 787, ಹತ್ತು 777ಎಕ್ಸ್. ಇಂಡಿಗೋ 2024ರಲ್ಲಿ 30 ಎ350 ಕೇಳಿತು. ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ವಿಮಾನಗಳು ಕೈಗೆ ಬರುವುದು ಮಾತ್ರ ನಿಧಾನ. 777ಎಕ್ಸ್ 2020ರಲ್ಲೇ ಮೊದಲ ಸಲ ಹಾರಿದರೂ ವಿತರಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇದೆ. ಇದರ ಮೇಲೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ಯುರೋಪು, ಅಮೆರಿಕದ ಹಾರಾಟಗಳು ಸುತ್ತು ಹೊಡೆಯಬೇಕಾಯಿತು. ಎಮಿರೇಟ್ಸ್‌ಗೆ ಆ ತೊಂದರೆ ಇಲ್ಲ.

ದೊಡ್ಡ ವಿಮಾನ ಇಲ್ಲದಿದ್ದರೆ ಬಾಡಿಗೆಗಾದರೂ ತರಬೇಕು ಎಂದು ಇಂಡಿಗೋ 2023ರಲ್ಲಿ ಟರ್ಕಿಷ್ ಏರ್‌ಲೈನ್ಸ್‌ನಿಂದಲೇ 777 ತಂದು ಇಸ್ತಾಂಬುಲ್‌ಗೆ ಹಾರಿಸಿತು. ಅದಕ್ಕೂ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅನುಮತಿ ಬೇಕು, ಆಗಾಗ ನವೀಕರಣ ಬೇಕು. 2025ರಲ್ಲಿ ಟರ್ಕಿ ಜೊತೆ ಸಂಬಂಧ ಕೆಟ್ಟಾಗ ಆ ನವೀಕರಣ ಮೊದಲು ಮೂರು ತಿಂಗಳಿಗೆ ಇಳಿಯಿತು. ಅನುಮತಿ ಎಂಬುದು ಬರೀ ರನ್‌ವೇ ಅಗಲದ ಪ್ರಶ್ನೆ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಒಂದು ತಿರುವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಾರತಕ್ಕೆ ಮೊದಲು ನಿತ್ಯದ ಎ380 ತಂದ ಸಿಂಗಪುರ ಏರ್‌ಲೈನ್ಸ್, ತಾನು ಪಾಲು ಹೊಂದಿದ್ದ ವಿಸ್ತಾರಾ ಕಂಪನಿ ಏರ್ ಇಂಡಿಯಾ ಜೊತೆ ವಿಲೀನವಾದ ಮೇಲೆ 2024ರ ನವೆಂಬರ್‌ನಿಂದ ಏರ್ ಇಂಡಿಯಾದಲ್ಲಿ 25.1 ಶೇಕಡಾ ಪಾಲುದಾರ. ಯಾರಿಂದ ಏರ್ ಇಂಡಿಯಾವನ್ನು ಕಾಪಾಡಬೇಕು ಎಂದು ಹತ್ತು ವರ್ಷದ ಹಿಂದೆ ಚಿಂತೆಯಿತ್ತೋ, ಅವರಲ್ಲಿ ಒಬ್ಬರು ಈಗ ಮನೆಯವರೇ.

ಎ380 ಹೆಚ್ಚು ದಿನ ಈ ಕಥೆಯಲ್ಲಿ ಇರುವುದಿಲ್ಲ. ನಾಲ್ಕು ಎಂಜಿನ್‌ಗೆ ಇಂಧನ ಸುರಿಯುವುದಕ್ಕಿಂತ ಎರಡು ಎಂಜಿನ್‌ನ ಎ350, 787 ಅಗ್ಗ. ಏರ್‌ಬಸ್ 2019ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿ, 2021ರ ಡಿಸೆಂಬರ್‌ನಲ್ಲಿ ಕೊನೆಯ ವಿಮಾನವನ್ನು ಎಮಿರೇಟ್ಸ್‌ಗೆ ಕೊಟ್ಟಿತು. ಮುಂದೆ ಬರುವ 777ಎಕ್ಸ್ ರೆಕ್ಕೆಯ ತುದಿಗಳನ್ನು ನೆಲದ ಮೇಲೆ ಮಡಚಿಕೊಳ್ಳುತ್ತದೆ. ಆಗ ಅದರ ಅಗಲ 65 ಮೀಟರ್‌ಗಿಂತ ಚೂರು ಕಡಿಮೆ. ಹಾಗಾಗಿ ಈಗಿನ 777 ನಿಲ್ಲುವ ಜಾಗದಲ್ಲೇ ನಿಲ್ಲುತ್ತದೆ. ನಾಲ್ಕೇ ನಿಲ್ದಾಣ ಎಂಬ ಪಟ್ಟಿಗೆ ಆಗ ಅರ್ಥವೇ ಉಳಿಯುವುದಿಲ್ಲ. ಸೀಟಿನ ಪಟ್ಟಿ ಮಾತ್ರ ಉಳಿಯುತ್ತದೆ.

ಆ ಪಟ್ಟಿಯ ಬಿಲ್ ಕಟ್ಟುತ್ತಿರುವವರು ಯಾರು? ಷವರ್ ಇರುವ ಮೇಲಂತಸ್ತಿನವರಲ್ಲ. ದಕ್ಷಿಣ ಕನ್ನಡ, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ದುಡಿಯಲು ಹೋದವರು. ರಂಜಾನ್, ಕ್ರಿಸ್‌ಮಸ್, ಶಾಲೆಯ ರಜೆ ಬಂದಾಗ ಟಿಕೆಟ್ ಬೆಲೆ ಏರುವುದು ಅವರಿಗೆ ಹೊಸದಲ್ಲ. ಸೀಟು ಕಟ್ಟಿಹಾಕಿದ ಮಾರ್ಗದಲ್ಲಿ ಬೇಡಿಕೆ ಏರಿದರೆ ಏರುವುದು ಬೆಲೆ ಒಂದೇ. ಮಂಗಳೂರಿನಿಂದ ಗಲ್ಫ್‌ಗೆ ಹಾರುವುದು ಭಾರತೀಯ ಕಂಪನಿಗಳ ಸಣ್ಣ ವಿಮಾನಗಳೇ. ಬಜ್ಪೆಯ ಗುಡ್ಡದ ಮೇಲಿನ ರನ್‌ವೇ 2,450 ಮೀಟರ್. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ಅಂಚು ದಾಟಿ ಬಿದ್ದು 158 ಜನ ಸತ್ತರು. ಅಲ್ಲಿಗೆ ಎ380 ತರುವ ಮಾತನ್ನು ಯಾರೂ ಆಡುವುದಿಲ್ಲ, ಆಡಬಾರದು ಕೂಡ.

ಕೊಡಗಿನವರಿಗೆ ಹತ್ತಿರವಾದ ಕಣ್ಣೂರಿನ ಕಥೆ ತಿರುಗಾಮುರುಗಾ. 2018ರಲ್ಲಿ ಶುರುವಾದ ಆ ನಿಲ್ದಾಣಕ್ಕೆ 3,050 ಮೀಟರ್ ರನ್‌ವೇ ಇದೆ. ದೊಡ್ಡ ವಿಮಾನ ಇಳಿಯಬಹುದು. ಆದರೆ ವಿದೇಶಿ ಕಂಪನಿಗಳು ಇಳಿಯಬಹುದಾದ ಊರುಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿಸಿ ಎಂದು ಕೇರಳ ಕೇಳುತ್ತಲೇ ಇದೆ, ಕೇಂದ್ರ ಒಪ್ಪಿಲ್ಲ. ಕಣ್ಣೂರಿಗೆ ರನ್‌ವೇ ಇದೆ, ಹಕ್ಕಿಲ್ಲ.

ದುಬೈಗೆ ಇನ್ನಷ್ಟು ಸೀಟು ಕೊಡುವ ಮಾತುಕತೆ ಇವತ್ತಲ್ಲ ನಾಳೆ ಆಗಲೇಬೇಕು. ಹಾಗೆ ಕೊಡುವಾಗ ಬೆಂಗಳೂರು, ಮುಂಬೈಗೆ ಇನ್ನೊಂದು ದೈತ್ಯ ವಿಮಾನ ತರಲು ಕೊಡುವುದಕ್ಕಿಂತ, ಹೊಸ ಸೀಟನ್ನು ಮಂಗಳೂರು, ಕಣ್ಣೂರಿನಂಥ ಊರುಗಳಿಗೇ ಕಟ್ಟಿ ಕೊಡಬಹುದು. ಅಲ್ಲಿಂದ ಹೋಗುವವರಲ್ಲಿ ಹೆಚ್ಚಿನವರು ಗಲ್ಫ್‌ನಲ್ಲೇ ಇಳಿಯುತ್ತಾರೆ, ನ್ಯೂಯಾರ್ಕ್‌ಗೆ ವಿಮಾನ ಬದಲಿಸುವುದಿಲ್ಲ. ಹಾಗಾಗಿ ಏರ್ ಇಂಡಿಯಾದ ಅಮೆರಿಕ ಮಾರ್ಗಕ್ಕೆ ಪೆಟ್ಟು ಬೀಳುವ ಭಯವೂ ಕಡಿಮೆ. ಅದಕ್ಕೆ ದೊಡ್ಡ ವಿಮಾನವೂ ಬೇಕಿಲ್ಲ. ಫ್ಲೈದುಬೈ ಈಗ ಹಾರಿಸುತ್ತಿರುವುದು ಬೋಯಿಂಗ್ 737ಗಳನ್ನು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737ಗಳು ಬಜ್ಪೆಯಲ್ಲಿ ದಿನವೂ ಇಳಿಯುತ್ತಲೇ ಇವೆ.